ಹನ್ನೆರಡು ಮನೆಗಳ ಮೇಲೊಂದು ನಿಷೇಧ

ಹಿಂದೂಸ್ತಾನಿ ಹಾಡುವವರನ್ನು ನಿಮ್ಮ ಶ್ರುತಿ ಯಾವುದು ಅಂತ ಕೇಳಿದರೆ ‘ಕಪ್ಪು ಒಂದು’ ಅಂತಲೋ ‘ಕಪ್ಪು ಎರಡು’ ಅಂತಲೋ ಉತ್ತರ ಬರುತ್ತದೆ. ಹೆಣ್ಣುದನಿಯಾದರೆ ಕಪ್ಪು ನಾಲ್ಕು, ಕಪ್ಪು ಐದು. ಯಕ್ಷಗಾನದ ಭಾಗವತರ ಏರುಶ್ರುತಿಯನ್ನು ಹೊಗಳುವಾಗಲೂ ಇದೇ ಲೆಕ್ಕ. ಈ ಕಪ್ಪು-ಬಿಳಿ ಎಲ್ಲ ಹಾರ್ಮೋನಿಯಂ ಮನೆಗಳ, ಅಂದರೆ ಬೆರಳಿನಿಂದ ಒತ್ತುವ ಕೀಲಿಗಳ, ಬಣ್ಣ. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಒಗ್ಗದ ವಾದ್ಯ, ಸ್ವರವನ್ನು ತೂಗಿಸಿ ಜಾರಿಸುವ ಗಮಕ ಬಾರದ ಪೆಟ್ಟಿಗೆ ಎಂದು ಗಟ್ಟಿಯಾಗಿ ವಾದಿಸುವವರೂ ತಮ್ಮ ಷಡ್ಜ, ಅಂದರೆ ಆಧಾರಸ್ವರ, ಎಲ್ಲಿದೆ ಎಂದು ಹೇಳಬೇಕಾದಾಗ ಅದೇ ಪೆಟ್ಟಿಗೆಯ ಮೇಲೆ ಬೆರಳಿಡುತ್ತಾರೆ. ಬೇಡವೆಂದ ವಾದ್ಯವೇ ಅಳತೆಗೋಲಾಗಿ ಉಳಿದಿರುವ ಈ ಸ್ಥಿತಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಸಂಗೀತದಲ್ಲಿ ಐಡಿಯಾಲಜಿ ಹೇಗೆ ಕೆಲಸ ಮಾಡುತ್ತದೆ ಎಂದು ಯೋಚಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿ ಇನ್ನೊಂದಿಲ್ಲ ಅನ್ನಿಸುತ್ತದೆ.

ಸಾಮಾನ್ಯವಾಗಿ ಸಂಗೀತ ಮತ್ತು ವಿಚಾರಧಾರೆಯ ಚರ್ಚೆ ಶುರುವಾದ ಕೂಡಲೇ ನಾವು ಸಾಹಿತ್ಯಕ್ಕೆ ಕೈಹಾಕುತ್ತೇವೆ. ಕ್ರಾಂತಿಗೀತೆ, ದೇಶಭಕ್ತಿಗೀತೆ, ವಚನ, ಬಂಡಾಯದ ಹಾಡು. ಮಾತಿನಲ್ಲಿ ಇರುವುದನ್ನು ಓದಿ ತೆಗೆಯುವುದು ಸುಲಭ. ಕಷ್ಟವಾಗುವುದು ಮಾತೇ ಇಲ್ಲದ ಕಡೆ: ಯಾವ ನಾದ ಶುದ್ಧ, ಯಾವ ದನಿ ಒರಟು, ಪಕ್ಕದಲ್ಲಿ ಯಾವ ವಾದ್ಯ ಕೂರಬೇಕು, ಯಾವುದು ಅಪಸ್ವರ ಎಂಬ ತೀರ್ಮಾನಗಳಲ್ಲಿ. ಶೈಲಿ ಅನ್ನುವುದು ಇಂಥ ತೀರ್ಮಾನಗಳ ಮೊತ್ತ. ಇವು ಕಿವಿಯ ಸಹಜ ಗುಣವೆಂದು ನಮಗೆ ತೋರುತ್ತವೆ. ಹಾಗೆ ತೋರುವುದರಿಂದಲೇ ಅವನ್ನು ಬಿಚ್ಚಿ ನೋಡಬೇಕು.

14 ಸೆಂಟಿನ ಜಗಳ

ಮೊದಲು ಹಾರ್ಮೋನಿಯಂ ಮೇಲಿನ ದೂರನ್ನು ಅದರ ಪೂರ್ತಿ ಬಲದಲ್ಲಿ ಎದುರಿಗಿಟ್ಟುಕೊಳ್ಳೋಣ, ಏಕೆಂದರೆ ಅದು ಸುಳ್ಳಲ್ಲ. ಒಂದು ಸ್ಥಾಯಿಯನ್ನು 1200 ಸೆಂಟ್ ಎಂದು ಹಿಡಿದರೆ, ಸಮ ಅಂತರದಲ್ಲಿ ಶ್ರುತಿ ಮಾಡಿದ ಹಾರ್ಮೋನಿಯಂನಲ್ಲಿ ಪಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್. ಆಗ ಶುದ್ಧ ಗಾಂಧಾರ 400ಕ್ಕೆ ಬೀಳುತ್ತದೆ. ತಂಬೂರಿಯ ಷಡ್ಜದ ತಂತಿಯೊಳಗಿಂದ ತಾನಾಗಿ ಕೇಳಿಬರುವ ಸ್ವಯಂಭೂ ಗಾಂಧಾರ ಇರುವುದು ಸುಮಾರು 386ರಲ್ಲಿ. ಧೈವತ 900, ಇರಬೇಕಾದದ್ದು 884. ಕೋಮಲ ಗಾಂಧಾರ 300, ಇರಬೇಕಾದದ್ದು 316. ಪಂಚಮ ಮತ್ತು ಮಧ್ಯಮಗಳಲ್ಲಿ ಮಾತ್ರ ವ್ಯತ್ಯಾಸ ಕೇವಲ 2 ಸೆಂಟ್, ಅದು ಯಾರಿಗೂ ತಿಳಿಯದು. ಗಾಂಧಾರದ 14 ಸೆಂಟ್ ಕೇಳಿಸುತ್ತದೆ. ಕಪ್ಪು ಒಂದರ ಷಡ್ಜ ಸುಮಾರು 138.6 ಹರ್ಟ್ಸ್. ಅದರ ಐದರಷ್ಟು, ಅಂದರೆ ತಂಬೂರಿಯಲ್ಲಿ ಹುಟ್ಟುವ ಗಾಂಧಾರ, 693. ಹಾರ್ಮೋನಿಯಂನಲ್ಲಿ ಅದೇ ಎತ್ತರದ ಗಾಂಧಾರ 698.5. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಐದಾರು ಸಲ ನಾದ ಉಬ್ಬಿ ಇಳಿಯುತ್ತದೆ. ತಂಬೂರಿಯ ಜವಾರಿ (ತಂತಿಗೆ ಝೇಂಕಾರ ಕೊಡುವ ಕುದುರೆಯ ಹೊಂದಿಕೆ) ಸರಿಯಾಗಿ ಕೂತಿದ್ದರೆ ಈ ನಡುಕ ಇನ್ನೂ ಸ್ಪಷ್ಟ.

ಇದನ್ನು ಸರಿಪಡಿಸಲಾಗದೆ? ಸರಿಪಡಿಸಬಹುದು. ರಿಪೇರಿಯವರು ರೀಡ್ ಪಟ್ಟಿ ಹೊರತೆಗೆದು, ಹಿತ್ತಾಳೆಯ ನಾಲಿಗೆಯ ಕೆಳಗೆ ತೆಳು ತಗಡು ತೂರಿಸಿ, ನಯವಾದ ಅರದಿಂದ ಕೆರೆಯುತ್ತಾರೆ. ತುದಿಯಲ್ಲಿ ಕೆರೆದರೆ ಶ್ರುತಿ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎರಡು ಸಲ ಉಜ್ಜಿ, ಪಟ್ಟಿ ಕೂರಿಸಿ, ಕೇಳಿ, ಮತ್ತೆ ತೆಗೆಯಬೇಕು. ಉಜ್ಜಿದ ಬಿಸಿಗೆ ರೀಡ್ ಕೊಂಚ ಕೆಳಗೆ ನುಡಿಯುವುದರಿಂದ ತಣಿಯುವವರೆಗೆ ಕಾಯದೆ ತೀರ್ಮಾನಿಸಿದರೆ ಮರುದಿನ ಏರಿರುತ್ತದೆ. ಬುಡದಲ್ಲಿ ಆತುರಪಟ್ಟರೆ ನಾಲಿಗೆ ಸೊರಗಿ ತಡವಾಗಿ ಬಾಯಿಬಿಡುತ್ತದೆ, ಕೊನೆಗೆ ಸೀಳುತ್ತದೆ. ಇಷ್ಟೆಲ್ಲ ಎಚ್ಚರದಿಂದ ಗಾಂಧಾರವನ್ನು 386ಕ್ಕೂ ಧೈವತವನ್ನು 884ಕ್ಕೂ ಇಳಿಸಿದರೆ ಕಪ್ಪು ಒಂದರಲ್ಲಿ ಹಾಡುವವರಿಗೆ ಪೆಟ್ಟಿಗೆ ಅಮೃತ. ಆದರೆ ಕಪ್ಪು ಎರಡರಲ್ಲಿ ಹಾಡುವವರು ಬಂದು ಕೂತರೆ? ಹಳೆಯ ರಿಷಭವೇ ಅವರ ಷಡ್ಜ, ಹಳೆಯ ಧೈವತವೇ ಅವರ ಪಂಚಮ. ಧೈವತದ 884ರಿಂದ ಶುದ್ಧ ರಿಷಭದ 204 ಕಳೆದರೆ 680. ಇರಬೇಕಾದದ್ದು 702. ಪಂಚಮವೇ 22 ಸೆಂಟ್ ಕೆಳಗೆ ಬಿದ್ದ ಪೆಟ್ಟಿಗೆಯೊಂದಿಗೆ ಯಾರೂ ಹಾಡಲಾರರು. ಸ್ಕೇಲ್ ಚೇಂಜರ್ ಪೆಟ್ಟಿಗೆಯಲ್ಲಿ ಮನೆಗಳ ಸಾಲನ್ನೇ ಪಕ್ಕಕ್ಕೆ ಸರಿಸಿ ಬೇರೆ ರೀಡುಗಳ ಮೇಲೆ ಕೂರಿಸುತ್ತಾರಲ್ಲ, ಆ ಸೌಕರ್ಯ ನಿಂತಿರುವುದೇ ಸಮ ಅಂತರದ ಮೇಲೆ. ಎಲ್ಲರಿಗೂ ಸಲ್ಲಬೇಕಾದರೆ ಎಲ್ಲರಿಗೂ ಅಷ್ಟಷ್ಟು ತಪ್ಪಬೇಕು.

ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಸಂಗೀತದ ಮೇಲೆ ಬರೆದ, ಅವನು ತೀರಿಕೊಂಡ ಮೇಲೆ 1921ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಹಿಡಿದ ಎಳೆ ಇದೇ. ಲೆಕ್ಕಪತ್ರ, ಕಚೇರಿ, ಕಾನೂನುಗಳನ್ನು ಒಂದೇ ಮಾದರಿಗೆ ತಂದ ಪಶ್ಚಿಮದ ಮನಸ್ಸೇ ಸ್ವರಗಳನ್ನೂ ಹನ್ನೆರಡು ಸಮ ತುಂಡು ಮಾಡಿತು, ಕೀಬೋರ್ಡ್ ವಾದ್ಯ ಅದರ ಯಂತ್ರ ಎಂಬುದು ಅವನ ವಾದ. ಪಿಯಾನೋ ಮಧ್ಯಮವರ್ಗದ ಮನೆಯ ಪೀಠೋಪಕರಣವೆಂದೂ, ಚಳಿಗೆ ಮನೆಯೊಳಗೆ ಬದುಕುವ ಉತ್ತರ ಯುರೋಪಿನವರ ವಾದ್ಯವೆಂದೂ ಅವನು ಗಮನಿಸಿದ್ದ. ಹಾರ್ಮೋನಿಯಂ ಕೂಡ 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡದ್ದು. ಪಾದ್ರಿಗಳ ಜೊತೆ ಬಂದ ಕಾಲ್ತುಳಿತದ ವಾದ್ಯವನ್ನು ಆ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತದ ದ್ವಾರಕಾನಾಥ ಘೋಷರು ಕಾಲು ಕತ್ತರಿಸಿ, ತಿದಿಯನ್ನು ಹಿಂಬದಿಗೆ ತಂದು, ನೆಲದ ಮೇಲೆ ಕೂತು ಒಂದು ಕೈಯಲ್ಲಿ ನುಡಿಸುವ ಪೆಟ್ಟಿಗೆ ಮಾಡಿದರು. ಎಡಗೈ ತಿದಿಗೆ ಹೋದಾಗ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಸ್ವರಮೇಳದ ಆಸೆ ಬಿಟ್ಟಂತಾಯಿತು. ವೇಬರ್‌ನ ಯಂತ್ರದ ಅರ್ಧ ಕೆಲಸವನ್ನು ಇಲ್ಲಿಯವರು ಮೊದಲ ದಿನವೇ ಕಿತ್ತುಹಾಕಿದ್ದರು. ವೇಬರ್‌ನನ್ನು ನಮ್ಮ ಕಡೆಗೆ ಅನ್ವಯಿಸುವವರು ಇದನ್ನು ಗಮನಿಸುವುದಿಲ್ಲ.

1940ರ ಮಾರ್ಚ್ 1

ಆ ದಿನದಿಂದ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. ದೂರು ಕೊಟ್ಟವರ ಸಾಲು ನೋಡಿ. ಫಾಕ್ಸ್ ಸ್ಟ್ರಾಂಗ್‌ವೇಸ್ ಎಂಬ ಆಂಗ್ಲ ವಿದ್ವಾಂಸ 1914ರಲ್ಲೇ ಈ ವಾದ್ಯ ಹಿಂದೂಸ್ತಾನದ ಸಂಗೀತವನ್ನು ಕೊಲ್ಲುತ್ತಿದೆ ಎಂದು ಬರೆದಿದ್ದ. ದೆಹಲಿ ಕೇಂದ್ರದ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥ, ಸ್ವತಃ ಸಂಗೀತ ರಚನೆಕಾರನಾದ ಜಾನ್ ಫೌಲ್ಡ್ಸ್ 1938ರಲ್ಲಿ ರೇಡಿಯೋದ ಪತ್ರಿಕೆಯಲ್ಲೇ ಇದರ ವಿರುದ್ಧ ಲೇಖನ ಬರೆದ. 1940ರ ಜನವರಿಯಲ್ಲಿ ರವೀಂದ್ರನಾಥ ಟಾಗೋರರು ಕಲ್ಕತ್ತ ಕೇಂದ್ರಕ್ಕೆ ಪತ್ರ ಬರೆದು, ತಮ್ಮ ಆಶ್ರಮದಿಂದ ಇದನ್ನು ಹೊರಹಾಕಿದ್ದೇವೆ, ನೀವೂ ಹಾಗೆ ಮಾಡಿದರೆ ಭಾರತೀಯ ಸಂಗೀತಕ್ಕೆ ಉಪಕಾರ ಎಂದರು. ಸಾಮ್ರಾಜ್ಯದ ವಿದ್ವಾಂಸ, ಸಾಮ್ರಾಜ್ಯದ ರೇಡಿಯೋ, ಸಾಮ್ರಾಜ್ಯವನ್ನು ಒಪ್ಪದ ಕವಿ, ಮೂವರೂ ಒಂದೇ ಮಾತಾಡುತ್ತಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೂ ಆದೇಶ ಕದಲಲಿಲ್ಲ. 1970ರಲ್ಲಿ ಆಕಾಶವಾಣಿ ಈ ಬಗ್ಗೆ ವಿಚಾರ ಸಂಕಿರಣ ನಡೆಸಿ, 1971ರಲ್ಲಿ ನಿಷೇಧವನ್ನು ಭಾಗಶಃ ಸಡಿಲಿಸಿತು. ಪಕ್ಕವಾದ್ಯವಾಗಿ ಬಾಗಿಲು ತೆರೆದರೂ ತನಿವಾದನಕ್ಕೆ ತೆರೆದದ್ದು ಬಹಳ ತಡವಾಗಿ.

ಇಷ್ಟು ಬೇರೆ ಬೇರೆ ದಿಕ್ಕಿನವರು ಒಪ್ಪಿದ್ದಾರೆಂದರೆ ವಾದ ಅಷ್ಟು ಸತ್ಯವಿರಬೇಕು ಎನ್ನಬಹುದು. ಅದೇ ಮಾನದಂಡವನ್ನು ಪಕ್ಕದ ವಾದ್ಯಗಳಿಗೆ ಹಿಡಿದು ನೋಡಿದಾಗ ಹೊಲಿಗೆ ಬಿಚ್ಚುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದು ಎನ್ನುವುದೇ ಕಾರಣವಾದರೆ ಜಲತರಂಗಕ್ಕೂ ಬಾರದು, ಸಂತೂರಿನ ಸ್ವರಗಳೂ ಹೊಡೆದ ಜಾಗದಲ್ಲೇ ನಿಲ್ಲುತ್ತವೆ. ವಿದೇಶಿ ಎನ್ನುವುದೇ ಕಾರಣವಾದರೆ ಪಿಟೀಲು? 1952ರಲ್ಲಿ ಆಕಾಶವಾಣಿ ರವಿಶಂಕರರ ನೇತೃತ್ವದಲ್ಲಿ ತನ್ನದೇ ವಾದ್ಯವೃಂದ ಕಟ್ಟಿತು. ಬರೆದಿಟ್ಟ ಸ್ವರಲಿಪಿ, ಹಂಚಿಕೊಟ್ಟ ಪಾತ್ರಗಳು, ನಿರ್ದೇಶಕನ ಕೈಸನ್ನೆ: ಪಶ್ಚಿಮದ ಆರ್ಕೆಸ್ಟ್ರಾದ ಇಡೀ ಶಿಸ್ತು ಒಳಗೆ ಬಂದಾಗ ಹೊರಗಿದ್ದದ್ದು ಆ ಪೆಟ್ಟಿಗೆ ಮಾತ್ರ. ಇನ್ನು 14 ಸೆಂಟಿನ ವಿಚಾರ. ಜೈರಾಜಭಾಯ್ ಮತ್ತು ಸ್ಟೋನ್ 1963ರಲ್ಲಿ ಹಿಂದೂಸ್ತಾನಿ ಕಲಾವಿದರ ಸ್ವರಗಳನ್ನು ಯಂತ್ರದಲ್ಲಿ ಅಳೆದು ಪ್ರಕಟಿಸಿದರು. ಶುದ್ಧ ಗಾಂಧಾರ ಕಲಾವಿದರಿಂದ ಕಲಾವಿದರಿಗೆ ಬೇರೆಯಾಗಿತ್ತು, ಒಬ್ಬರದೇ ಗಾಂಧಾರ ಒಂದೇ ನುಡಿಸಾಣಿಕೆಯೊಳಗೆ ಸರಿದಾಡುತ್ತಿತ್ತು. 386 ಎಂಬ ಒಂದೇ ಬಿಂದುವಿನ ಮೇಲೆ ಎಲ್ಲರೂ ನಿಂತಿರಲಿಲ್ಲ.

ಹೀಗೆ ಒಂದು ನಿಜವಾದ ತಾಂತ್ರಿಕ ದೋಷ ಒಂದೇ ವಾದ್ಯಕ್ಕೆ ಅಪರಾಧವಾಗಿ, ಉಳಿದವಕ್ಕೆ ಬರೀ ಗುಣಲಕ್ಷಣವಾಗಿ ಉಳಿಯುವಾಗ, ಆ ಆಯ್ಕೆಯಲ್ಲಿ ಐಡಿಯಾಲಜಿ ಇದೆ ಎಂದು ನಾನು ಹೇಳುತ್ತೇನೆ. ಐಡಿಯಾಲಜಿ ಬರೀ ಸುಳ್ಳು ಹೇಳಿ ನಿಲ್ಲುವುದಿಲ್ಲ. ಹತ್ತು ಸತ್ಯಗಳಲ್ಲಿ ಯಾವುದನ್ನು ದೊಡ್ಡ ದನಿಯಲ್ಲಿ ಹೇಳಬೇಕೆಂದು ತೀರ್ಮಾನಿಸುತ್ತದೆ. 1930ರ ದಶಕದ ಹೊತ್ತಿಗೆ ಭಾರತೀಯ ಸಂಗೀತದ ಆತ್ಮ ಸೂಕ್ಷ್ಮ ಶ್ರುತಿಗಳಲ್ಲಿದೆ, ಪಶ್ಚಿಮ ಅದನ್ನು ಕಳೆದುಕೊಂಡಿದೆ ಎಂಬ ಚಿತ್ರ ಗಟ್ಟಿಯಾಗಿತ್ತು. ರಾಷ್ಟ್ರಕ್ಕೊಂದು ಗುರುತು ಬೇಕಾಗಿತ್ತು, ಒಂದು ಸ್ಥಾಯಿಯೊಳಗೆ ಎಣಿಸುವ 22 ಶ್ರುತಿ, ಅಂದರೆ ಸೂಕ್ಷ್ಮ ಸ್ವರಸ್ಥಾನಗಳು, ಆ ಗುರುತಾಯಿತು. ಆ ಚಿತ್ರದಲ್ಲಿ ಎಲ್ಲರ ಕಣ್ಣೆದುರು ಹನ್ನೆರಡೇ ಮನೆ ತೋರಿಸುತ್ತ ಕೂತ ವಾದ್ಯಕ್ಕೆ ಜಾಗವಿರಲಿಲ್ಲ.

ಇದಕ್ಕೂ ಮೊದಲು ಇನ್ನೊಂದು ಪ್ರಯತ್ನ ನಡೆದಿತ್ತು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಐಸಿಎಸ್ ಅಧಿಕಾರಿ ಕ್ಲೆಮೆಂಟ್ಸ್ ಸೇರಿ 22 ಶ್ರುತಿಗಳನ್ನು ನುಡಿಸುವ ಶ್ರುತಿ ಹಾರ್ಮೋನಿಯಂ ಮಾಡಿಸಿದರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಮ್ ಖಾನ್ ಈ ಕೆಲಸಕ್ಕೆ ತಮ್ಮ ಕಂಠ ಕೊಟ್ಟರು. 1916ರ ಬರೋಡಾ ಸಮ್ಮೇಳನದಲ್ಲಿ ಆ ಪೆಟ್ಟಿಗೆಯ ಮೇಲೆ ದೊಡ್ಡ ವಾಗ್ವಾದವಾಗಿ, ಅದು ಮಾನ್ಯವಾಗಲಿಲ್ಲ. ಶ್ರುತಿಗಳನ್ನು ಬಿಂದುಗಳಾಗಿ ಮೊಳೆ ಹೊಡೆಯಲು ಹೋದರೆ ಯಾವ ರಾಗದಲ್ಲಿ ಯಾವ ಬಿಂದು ಎಂಬಲ್ಲೇ ಜಗಳ ಏಳುತ್ತದೆ. ಶುದ್ಧಿಯ ಪಕ್ಷದವರೂ ಮನೆಗಳ ಭಾಷೆಯಲ್ಲೇ ಯೋಚಿಸುತ್ತಿದ್ದರು, ಹನ್ನೆರಡರ ಬದಲು ಹೆಚ್ಚು ಮನೆ ಕೇಳುತ್ತಿದ್ದರು ಅಷ್ಟೆ.

ಅದೇ ಹೊತ್ತಿಗೆ ನ್ಯೂಯಾರ್ಕಿನಲ್ಲಿ

ಫೌಲ್ಡ್ಸ್ ದೆಹಲಿಯಲ್ಲಿ ಬರೆದ 1938ರಲ್ಲೇ, ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡ ತತ್ವಜ್ಞಾನಿ ಥಿಯೋಡೋರ್ ಅಡಾರ್ನೊ ನ್ಯೂಯಾರ್ಕಿಗೆ ಬಂದು ರೇಡಿಯೋ ಸಂಶೋಧನಾ ಯೋಜನೆಯೊಂದನ್ನು ಸೇರಿದ. ಸಂಗೀತವನ್ನು ಸಮಾಜದೊಂದಿಗೆ ಇಟ್ಟು ಓದುವ ವಿಮರ್ಶಾತ್ಮಕ ಸಿದ್ಧಾಂತಕ್ಕೆ ಅವನೇ ಮೂಲಪುರುಷ. ಅವನಿಂದ ಕಲಿಯಬೇಕಾದ ಬಹು ದೊಡ್ಡ ಸಂಗತಿಯೆಂದರೆ ಸಂಗೀತದ ಸಾಮಗ್ರಿ, ಅಂದರೆ ಸ್ವರಶ್ರೇಣಿ, ನಡೆ, ನಾದ, ಪ್ರಕೃತಿಯಿಂದ ಹಾಗೇ ಬಂದದ್ದಲ್ಲ, ಅದರಲ್ಲಿ ಚರಿತ್ರೆ ಮಡುಗಟ್ಟಿದೆ ಎಂಬುದು. ಹಾರ್ಮೋನಿಯಂನ ಒಂದೊಂದು ಮನೆಗೂ ಈ ಮಾತು ಸಲ್ಲುತ್ತದೆ.

ಆದರೆ ಇದೇ ಅಡಾರ್ನೊ 1936ರಲ್ಲಿ ಗುಪ್ತನಾಮದಲ್ಲಿ ಜಾಝ್ ಬಗ್ಗೆ ಬರೆದದ್ದನ್ನು ಓದಿದರೆ ಬೇಸರವಾಗುತ್ತದೆ. ಜಾಝ್‌ನ ಲಯದ ಆಟ ಮೇಲುಮೇಲಿನ ಅಲಂಕಾರ, ಕೆಳಗೆ ಮಿಲಿಟರಿ ನಡೆಯೇ ಇದೆ, ಕೇಳುವವನಿಗೆ ಸಿಗುವುದು ಸ್ವಾತಂತ್ರ್ಯದ ಭ್ರಮೆ ಎಂದು ಅವನು ತೀರ್ಪು ಕೊಟ್ಟ. ಅವನ ಕಿವಿಗೆ ಬಿದ್ದದ್ದು ಹೆಚ್ಚಾಗಿ ಯುರೋಪಿನ ಹೋಟೆಲುಗಳ ನೃತ್ಯ ಬ್ಯಾಂಡುಗಳು. ಕಪ್ಪು ಜನರ ಸಂಗೀತದಲ್ಲಿ ತಾಳದ ಹಿಂದೆ ಮುಂದೆ ಸರಿಯುವ ನಡೆಯನ್ನು, ಸ್ವರವನ್ನು ಬಾಗಿಸುವ ಕೌಶಲವನ್ನು ಅವನು ಹತ್ತಿರದಿಂದ ಕೇಳಲೇ ಇಲ್ಲ. ಸಿದ್ಧಾಂತ ಎಷ್ಟೇ ಹರಿತವಿದ್ದರೂ ನುಡಿಸುವವರ ಬೆರಳನ್ನು ನೋಡದೆ ದೂರದಿಂದಲೇ ಶೈಲಿಯ ಅರ್ಥ ಹೇಳಲು ಹೊರಟರೆ ಹೀಗಾಗುತ್ತದೆ. ದೆಹಲಿಯ ಆದೇಶದಲ್ಲೂ ನಡೆದದ್ದು ಇದೇ. ವಾದ್ಯದ ಮರ, ಹಿತ್ತಾಳೆ, ಮನೆಗಳ ಸಂಖ್ಯೆ ನೋಡಿ ತೀರ್ಪು ಕೊಟ್ಟರು. ಅದನ್ನು ನುಡಿಸುವವರು ಮಾಡುತ್ತಿದ್ದದ್ದನ್ನು ಕೇಳಲಿಲ್ಲ.

ದರ್ಬಾರಿ ಕಾನಡ ರಾಗದ ಗಾಯನಕ್ಕೆ ನುರಿತ ಪೇಟಿಯವರು, ಅಂದರೆ ಹಾರ್ಮೋನಿಯಂ ನುಡಿಸುವವರು, ಸಾಥ್ ಕೊಡುವುದನ್ನು ಕೈ ನೋಡುತ್ತ ಕೇಳಿ. ಗಾಯಕರು ಆಂದೋಲಿತ, ಅಂದರೆ ಮೆಲ್ಲಗೆ ತೂಗುವ, ಕೋಮಲ ಗಾಂಧಾರದ ಮೇಲೆ ನಿಂತಾಗ ಇವರ ಬೆರಳು ಆ ಮನೆಯಿಂದ ದೂರ ಸರಿದಿರುತ್ತದೆ. ಷಡ್ಜದಲ್ಲೋ ರಿಷಭದಲ್ಲೋ ಮೆಲ್ಲಗೆ ಕಾಯುತ್ತಾರೆ, ತಿದಿಯ ಗಾಳಿ ಅರ್ಧಕ್ಕಿಳಿದಿರುತ್ತದೆ. ಗಾಯಕರು ಬಿಟ್ಟ ಮೇಲೆ ಮಧ್ಯಮದಿಂದ ಗಾಂಧಾರವನ್ನು ಒಂದು ಕಣ್ ಸ್ವರವಾಗಿ, ಅಂದರೆ ಸೋಕಿದಷ್ಟೇ ಆಗುವಂತೆ, ಮುಟ್ಟಿ, ಅದು ಬಾಯಿಬಿಡುವಷ್ಟರಲ್ಲಿ ರಿಷಭಕ್ಕೆ ಇಳಿದುಬಿಡುತ್ತಾರೆ. ಕಿವಿ ಆ ಜಾರನ್ನು ತಾನೇ ತುಂಬಿಕೊಳ್ಳುತ್ತದೆ. ಹೊಸಬರು ಮಾಡುವ ತಪ್ಪು ಗಾಂಧಾರದ ಮನೆಯನ್ನು ಒತ್ತಿ ಹಿಡಿಯುವುದು. ಆಗ ಗಾಯಕರ ತೂಗುವ ಸ್ವರವೂ ಪೆಟ್ಟಿಗೆಯ ನೆಟ್ಟ ಸ್ವರವೂ ಢಿಕ್ಕಿ ಹೊಡೆದು ರಾಗ ಕಲಕುತ್ತದೆ. ಯಾವ ಮನೆಯನ್ನು ಯಾವಾಗ ಮುಟ್ಟಬಾರದು ಎಂಬ ಈ ವಿವೇಕವೇ ಹಾರ್ಮೋನಿಯಂ ಸಾಥಿನ ಶೈಲಿ. ಅಪ್ಪಾ ಜಳಗಾಂವಕರರು ಭೀಮಸೇನ ಜೋಶಿಯವರ ಪಕ್ಕದಲ್ಲಿ ನುಡಿಸಿದ್ದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಸಾರಂಗಿ ಎದ್ದು ಹೋದ ಜಾಗ

ಹಾಗಂತ ಹಾರ್ಮೋನಿಯಂನ ಗೆಲುವನ್ನು ಬರೀ ಪ್ರಜಾಪ್ರಭುತ್ವದ ಕಥೆ ಎಂದು ಬರೆಯುವುದೂ ಅರ್ಧ ಸತ್ಯ. ಅದು ಬಂದು ಕೂತದ್ದು ಸಾರಂಗಿಯ ಜಾಗದಲ್ಲಿ. ಕಾರಣಗಳಲ್ಲಿ ಕೆಲವು ಪ್ರಾಯೋಗಿಕ. ಸಾರಂಗಿಗೆ ಮೂರು ಮುಖ್ಯ ತಂತಿ, ಅವುಗಳ ನಾದಕ್ಕೆ ತಾವೇ ಮಿಡಿಯುವ ತರಬ್ ತಂತಿಗಳು ಮೂವತ್ತಕ್ಕೂ ಮಿಕ್ಕಿ. ರಾಗ ಬದಲಾದರೆ ತರಬ್ ಬದಲಾಗಬೇಕು, ಗಾಯಕರು ಬದಲಾದರೆ ಎಲ್ಲವೂ. ಪೆಟ್ಟಿಗೆಯಾದರೆ ಷಡ್ಜದ ಮನೆ ಬದಲಿಸಿದರೆ ಮುಗಿಯಿತು. ಆದರೆ ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸಾರಂಗಿ ಹಾಡಿ ಕುಣಿಯುವುದೇ ವೃತ್ತಿಯಾದ ತವಾಯಫ್ ಹೆಂಗಸರ ಮನೆಯ ವಾದ್ಯ, ನುಡಿಸುವವರು ಬಹುಪಾಲು ವಂಶಪಾರಂಪರ್ಯದ ಮುಸ್ಲಿಂ ಕಲಾವಿದರು. ಮಧ್ಯಮವರ್ಗ ತನ್ನ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸಲು ಹೊರಟಾಗ ಆ ನಂಟು ಬೇಡವಾಗಿತ್ತು. ಚರ್ಚಿನಿಂದ ಬಂದ, ಜಾತಿಯೂ ತವಾಯಫರ ಕೋಠಿಯೂ ಅಂಟದ ಪೆಟ್ಟಿಗೆ ಪಡಸಾಲೆಗೆ ಒಪ್ಪಿತವಾಯಿತು. ವಧುಪರೀಕ್ಷೆಯಲ್ಲಿ ಹುಡುಗಿ ಹಾರ್ಮೋನಿಯಂ ಹಿಡಿದು ಹಾಡುವ ಪದ್ಧತಿ ಆ ಮೇಲೆ ಬಂದದ್ದೇ.

ರಾಷ್ಟ್ರದ ಐಡಿಯಾಲಜಿ ಹಾರ್ಮೋನಿಯಂ ಬೇಡವೆಂದಿತು, ಮನೆಯ ಮರ್ಯಾದೆಯ ಐಡಿಯಾಲಜಿ ಅದನ್ನೇ ಬೇಕೆಂದಿತು, ಎರಡನ್ನೂ ಹಿಡಿದಿದ್ದವರು ಬಹುಮಟ್ಟಿಗೆ ಒಂದೇ ಜನ. ನಿಷೇಧದಿಂದ ರೇಡಿಯೋದಲ್ಲಿ ಸಾರಂಗಿಯವರಿಗೆ ಅನ್ನ ಸಿಕ್ಕಿತು ಎಂಬುದು ನಿಜ. ಆದರೆ ಸರ್ದಾರ್ ಪಟೇಲರು 1946ರಲ್ಲಿ ಪ್ರಸಾರ ಖಾತೆ ವಹಿಸಿಕೊಂಡ ಮೇಲೆ ‘ನಡತೆ’ಯ ಕಾರಣ ಕೊಟ್ಟು ತವಾಯಫ್ ಗಾಯಕಿಯರನ್ನು ಹೊರಗಿಟ್ಟದ್ದೂ ಇದೇ ರೇಡಿಯೋ. ವಾದ್ಯವನ್ನು ಪರಂಪರೆಯೆಂದು ಇಟ್ಟುಕೊಂಡು, ಆ ವಾದ್ಯ ಹುಟ್ಟಿಸಿದ ಶೈಲಿಯ ಹೆಂಗಸರನ್ನು ಬಾಗಿಲಾಚೆ ನಿಲ್ಲಿಸಿದರು. ಅವರು ಹಾಡುತ್ತಿದ್ದ ಠುಮರಿಯಲ್ಲಿ ಮಾತಿಗೆ ಬಗೆಬಗೆಯ ಭಾವ ತುಂಬುವ ಬೋಲ್ ಬನಾವ್ ಆಮೇಲೆ ವೇದಿಕೆಯಲ್ಲಿ ಬರಬರುತ್ತ ಭಕ್ತಿಯ ಕಡೆಗೆ ವಾಲಿದ್ದನ್ನು ಈ ಸಾಲಿನಲ್ಲಿಟ್ಟು ಓದಬೇಕು.

ಪೇಟಿ ಮಾಸ್ತರರ ನಾಡು

ಉತ್ತರ ಕರ್ನಾಟಕದಲ್ಲಿ ಹಾರ್ಮೋನಿಯಂ ಎಂದರೆ ಪೇಟಿ. ಕಂಪನಿ ನಾಟಕಗಳ ಕಾಲದಲ್ಲಿ ಪೇಟಿ ಮಾಸ್ತರರೇ ಅರ್ಧ ನಿರ್ದೇಶಕರು. ಮೈಕಿಲ್ಲದ ಥಿಯೇಟರಿನ ಕೊನೆಯ ಸಾಲಿಗೆ ಹಾಡು ಮುಟ್ಟಬೇಕಾದ್ದರಿಂದ ನಟರು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ಕಾಲಿನಿಂದ ತಿದಿ ಒತ್ತುವುದರಿಂದ ಎರಡೂ ಕೈ ಬಿಡುವಾಗುವ ಲೆಗ್ ಹಾರ್ಮೋನಿಯಂ ಅವರ ಬೆನ್ನಿಗೆ ನಿಲ್ಲುತ್ತಿತ್ತು. ಉದ್ದನೆಯ ಆಲಾಪಕ್ಕೆ ಅಲ್ಲಿ ಪುರಸೊತ್ತಿಲ್ಲ. ಚಿಕ್ಕ ಚೊಕ್ಕ ತಾನ್, ಮಧ್ಯಲಯ, ಮನೆಯಿಂದ ಮನೆಗೆ ಸ್ಪಷ್ಟವಾಗಿ ಹೆಜ್ಜೆಯಿಡುವ ಮಟ್ಟು. ರಂಗಗೀತೆಯ ಈ ಚಹರೆಗೆ ಗಂಟಲಿನಷ್ಟೇ ಪೆಟ್ಟಿಗೆಯೂ ಕಾರಣ. ಇದನ್ನು ಶಾಸ್ತ್ರೀಯದ ಕಲಬೆರಕೆ ಎಂದು ಕೇಳುವ ಕಿವಿಯಲ್ಲೂ, ಟಿಕೆಟ್ ಕೊಂಡು ಬಂದ ಜನರ ರುಚಿಯ ಬಗ್ಗೆ ಒಂದು ತೀರ್ಮಾನ ಮೊದಲೇ ಕೂತಿರುತ್ತದೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಈ ಚರ್ಚೆಯಲ್ಲಿ ತರದಿದ್ದರೆ ಅನ್ಯಾಯ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಅನ್ನದ ದಾರಿ ತೋರಿದ ಜಾಗ ಅದು. ಕಣ್ಣಿಲ್ಲದ ಮಗುವಿನ ಬೆರಳಿಗೆ ಹಾರ್ಮೋನಿಯಂನ ಮನೆಗಳು ಜಾಗ ಬಿಟ್ಟು ಸರಿಯುವುದಿಲ್ಲ. ಎರಡು ಕಪ್ಪು, ಮೂರು ಕಪ್ಪು ಎಂಬ ಉಬ್ಬುಗಳನ್ನು ಸವರಿ ಷಡ್ಜ ಹಿಡಿಯಬಹುದು, ಒತ್ತಿದ ಕೂಡಲೇ ಸ್ವರ ಬರುತ್ತದೆ. ದೆಹಲಿಯಲ್ಲಿ ದೋಷವೆಂದು ಬರೆದುಕೊಂಡ ಅದೇ ಸ್ಥಿರತೆ ಇಲ್ಲಿ ಬಾಗಿಲು ತೆರೆಯುವ ಗುಣ. ಬೆಳಗಾವಿಯ ರಾಮಭಾವು ಬಿಜಾಪುರೆ ಅವರಂಥವರು ತನಿವಾದನವನ್ನೇ ಒಂದು ಕಲೆಯಾಗಿ ಬೆಳೆಸಿದ್ದು ಇದೇ ಸೀಮೆಯಲ್ಲಿ. 1950ರಲ್ಲಿ ಧಾರವಾಡದಲ್ಲಿ ರೇಡಿಯೋ ಕೇಂದ್ರ ಬಂತು. ಊರಿನ ಬೀದಿಬೀದಿಯ ಭಜನೆಯಲ್ಲಿ ಪೇಟಿ, ಸ್ಟುಡಿಯೋದ ಬಾಗಿಲಲ್ಲಿ ಅದಕ್ಕೆ ತಡೆ. ಆಗ ಪೇಟಿಯನ್ನೇ ನಂಬಿದ ಕಲಾವಿದನಿಗೆ ತಪ್ಪಿದ್ದು ಸರ್ಕಾರದ ಸಂಬಳ, ಗ್ರೇಡು, ಹೆಸರು ಮೂರೂ.

ಕಾಣದ ಮನೆಗಳು

ಈಗ ನಿಷೇಧವಿಲ್ಲ. ಆದರೆ ಶ್ರುತಿ ತಿದ್ದುವ ಸಾಫ್ಟ್‌ವೇರ್ ಸ್ಟುಡಿಯೋ ಸ್ಟುಡಿಯೋದಲ್ಲಿದೆ. 1997ರಲ್ಲಿ ಬಂದ ಆಟೋಟ್ಯೂನ್ ಮತ್ತು ಅದರ ಹಾದಿಯ ಉಪಕರಣಗಳು ಮೊದಲೇ ಹೊಂದಿಸಿಕೊಂಡಿರುವುದು ಸಮ ಅಂತರದ ಅದೇ ಹನ್ನೆರಡು ಸ್ವರಗಳನ್ನು. ಭಾವಗೀತೆಯೊಂದರಲ್ಲಿ ದರ್ಬಾರಿಯ ನೆರಳಿದೆ ಅಂದುಕೊಳ್ಳಿ. ತಿದ್ದುವ ವೇಗವನ್ನು ಚುರುಕಿಗೆ ಇಟ್ಟರೆ ಆಂದೋಲಿತ ಗಾಂಧಾರ ರಿಷಭದ 200ಕ್ಕೂ ಗಾಂಧಾರದ 300ಕ್ಕೂ ನಡುವೆ ಮೆಟ್ಟಿಲಾಗಿ ತುಂಡಾಗುತ್ತದೆ. ಅದನ್ನು ತಪ್ಪಿಸಲು ವೇಗವನ್ನು ನಿಧಾನಕ್ಕಿಳಿಸಬೇಕು, ಆ ಸ್ವರವನ್ನು ತಿದ್ದುವ ಪಟ್ಟಿಯಿಂದ ತೆಗೆಯಬೇಕು, ಇಲ್ಲವೇ ಆ ಸಾಲನ್ನು ಕೈಯಿಂದ ಎಳೆದು ಬರೆಯಬೇಕು. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಡುವ ಸ್ಟುಡಿಯೋದಲ್ಲಿ ಎಷ್ಟು ಜನ ಹಾಗೆ ಮಾಡಿಸುತ್ತಾರೆ? ಹಾರ್ಮೋನಿಯಂನ ಮನೆಗಳು ಕಣ್ಣಿಗೆ ಕಾಣುತ್ತಿದ್ದವು, ಆದ್ದರಿಂದ ಜಗಳವಾಯಿತು, ಪತ್ರ ಬರೆದರು, ಆದೇಶ ಹೊರಡಿಸಿದರು, ಪೇಟಿಯವರು ಬೆರಳಿನ ಉಪಾಯ ಹುಡುಕಿದರು. ತೆರೆಯ ಹಿಂದಿನ ಈ ಹನ್ನೆರಡು ಮನೆಗಳ ಬಗ್ಗೆ ಹಾಡುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ, ಹಾಡು ಹೊರಬಂದ ಮೇಲೆ ತಮ್ಮದೇ ಗಾಂಧಾರ ಇಷ್ಟು ನೆಟ್ಟಗೆ ಹೇಗೆ ನಿಂತಿತು ಎಂದು ಕೇಳುತ್ತಾರೆ.